ದೋಣಿಯ ಇಂಜಿನ್ ಕೈಕೊಟ್ಟಾಗ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ದುಡಿಯುವವರಿಗೂ ಗಿರಣಿಯಲ್ಲಿ ದುಡಿದು ಬಂದ ಹಿರಿಯರಿಗೂ ದೋಣಿಯ ಇಂಜಿನ್ನಿನ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಕಾರಣ ಉಂಟು. ನಮ್ಮಲ್ಲಿ ಅನೇಕರು ಕರಾವಳಿಯವರು. ಮಲ್ಪೆ, ಗಂಗೊಳ್ಳಿ, ಭಟ್ಕಳ, ಕಾಸರಗೋಡು, ಈ ಊರುಗಳ ದಂಡೆಯಲ್ಲಿ ನಮ್ಮ ಅಣ್ಣತಮ್ಮಂದಿರೋ ಭಾವಂದಿರೋ ನಾಡದೋಣಿ ಇಟ್ಟುಕೊಂಡಿದ್ದಾರೆ. ನಾವು ಇಲ್ಲಿ ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಹಣದಿಂದ ಅಲ್ಲಿ ಹಳೆಯ ದೋಣಿಯೊಂದು, ಅದರೊಡನೆ ಹಳೆಯ ಇಂಜಿನ್ನೊಂದು ಬರುತ್ತದೆ. ಕೆಲವು ದಿನ ಓಡುತ್ತದೆ, ಆಮೇಲೆ ಕೆಮ್ಮಲು ತೊಡಗುತ್ತದೆ. ಊರಿನಿಂದ ಫೋನು ಬರುತ್ತದೆ: "ಇಂಜಿನ್ ಕೆಟ್ಟಿದೆ, ಇನ್ನೂ ಸ್ವಲ್ಪ ದುಡ್ಡು ಕಳಿಸು." ಆ ದುಡ್ಡು ಎಷ್ಟೋ ಸಲ ಇಂಜಿನ್ನಿಗೆ ಹೋಗುವುದಿಲ್ಲ, ತಿಳಿಯದೆ ಇದ್ದುದಕ್ಕೆ ತೆರುವ ದಂಡವಾಗುತ್ತದೆ. ಆದುದರಿಂದ ಈ ವಿಷಯವನ್ನು ನಾವು ಆರಿಸಿಕೊಂಡೆವು.

ಇದನ್ನು ಹೇಳುವಾಗ ನಮ್ಮ ಕಣ್ಣಮುಂದೆ ಇರುವ ಊರು ಕೇರಳದ ತುಂಬ. ತಿರುವನಂತಪುರದ ಬಳಿಯ ಈ ಮೀನುಗಾರರ ಹಳ್ಳಿಗೆ ನಮ್ಮ ತುಂಬೆ ಗಿಡದಿಂದಲೇ ಹೆಸರು ಬಂತೆಂದು ಹೇಳುತ್ತಾರೆ. 1963ನೆಯ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಸಂಶೋಧನಾ ರಾಕೆಟ್ಟು ಹಾರಿದ್ದು ಇಲ್ಲಿಂದ. ಮೀನುಗಾರರು ತಮ್ಮ ಮನೆಗಳನ್ನೂ, ಮೇರಿ ಮಗ್ದಲೇನಳ ಇಗರ್ಜಿಯನ್ನೂ ಆ ಕೆಲಸಕ್ಕೆ ಬಿಟ್ಟುಕೊಟ್ಟರು. ರಾಕೆಟ್ಟಿನ ಕಥೆ ಪಾಠಪುಸ್ತಕಕ್ಕೆ ಬಂದಿತು. ದೋಣಿಯ ಕಥೆ ಬರಲಿಲ್ಲ.

ಆ ದಂಡೆಯಲ್ಲಿ ಬಂದರಿಲ್ಲ. ಮರಳಿನಿಂದ ದೋಣಿಯನ್ನು ನೂಕಿ, ಒಡೆಯುವ ಅಲೆಗಳ ಸಾಲನ್ನು ದಾಟಿ ಹೋಗಬೇಕು. ಹಾಗೆಯೇ ದಾಟಿ ಹಿಂದಿರುಗಬೇಕು. ಹಿಂದೆ ಕಟ್ಟುಮರ ಮತ್ತು ಹುಟ್ಟುಗಳಿಂದ ಈ ಕೆಲಸ ನಡೆಯುತ್ತಿತ್ತು. 1980ರ ದಶಕದಲ್ಲಿ ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನ್ ಕೇರಳದ ದಂಡೆಯಲ್ಲೆಲ್ಲ ಹರಡಿತು. ಅಲೆಯ ನಡುವೆ ಅದು ನಿಂತುಹೋದರೆ ದೋಣಿ ಅಡ್ಡ ತಿರುಗುತ್ತದೆ; ಅಡ್ಡ ತಿರುಗಿದ ದೋಣಿಯನ್ನು ಮುಂದಿನ ಅಲೆ ಮಗುಚುತ್ತದೆ. ಅಲ್ಲಿ ಇಂಜಿನ್ನಿನ ಕೆಮ್ಮು ಎಂದರೆ ಬರಿಯ ಖರ್ಚಿನ ಮಾತಲ್ಲ, ಪ್ರಾಣದ ಮಾತು.

ಈಗ ಯಂತ್ರಕ್ಕೆ ಬರೋಣ. ಹಳೆಯ ಹೋಟೆಲುಗಳಲ್ಲಿ ಪಂಪ್ ಸ್ಟೌ ಹಚ್ಚಿದವರಿಗೆ ಇದು ಹೊಸದಲ್ಲ. ಸೀಮೆಎಣ್ಣೆ ತಣ್ಣಗಿದ್ದಾಗ ಆವಿಯಾಗುವುದಿಲ್ಲ. ಅದಕ್ಕೇ ಮೊದಲು ಬಟ್ಟಲಿನಲ್ಲಿ ಸ್ಪಿರಿಟ್ ಉರಿಸಿ ಬರ್ನರನ್ನು ಕಾಯಿಸುತ್ತಿದ್ದೆವು. ಸೀಮೆಎಣ್ಣೆಯ ಇಂಜಿನ್ನಿಗೂ ಇದೇ ಧರ್ಮ. ಪೆಟ್ರೋಲಿನಲ್ಲಿ ಹೊರಡಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸಬೇಕು. ಪೆಟ್ರೋಲು ದುಬಾರಿಯೆಂದು ಈ ಕೊನೆಯ ಕೆಲಸವನ್ನು ಬಿಟ್ಟರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿಯುತ್ತದೆ. ಮರುದಿನ ಬೆಳಗ್ಗೆ ಹಗ್ಗ ಎಳೆದು ಎಳೆದು ತೋಳು ಬೀಳುತ್ತದೆ. "ಇಂಜಿನ್ ಹೊರಡುವುದಿಲ್ಲ" ಎಂಬ ದೂರು ಎಷ್ಟೋ ಸಲ ಇಷ್ಟೇ ಆಗಿರುತ್ತದೆ.

ಇಂಜಿನ್ ಓಡಲು ನಾಲ್ಕು ಬೇಕು: ಎಣ್ಣೆ, ಕಿಡಿ, ಒತ್ತಡ, ತಂಪು. ಹುಡುಕುವಾಗ ಖರ್ಚಿಲ್ಲದ ಕಡೆಯಿಂದ ಆರಂಭಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತೆಂದು ಗೊತ್ತಾಗದು. ಮೂರರ ದುಡ್ಡು ನೀರಿಗೆ.

ಮೊದಲು ಎಣ್ಣೆ. ಸ್ವಲ್ಪ ದೂರ ಚೆನ್ನಾಗಿ ಓಡಿ ಆಮೇಲೆ ಸಾಯುವ ಇಂಜಿನ್ನಿನಲ್ಲಿ ಟಾಂಕಿಯ ಮುಚ್ಚಳ ನೋಡಿ. ಅದರಲ್ಲಿ ಗಾಳಿ ಹೋಗುವ ತಿರುಪು ಇರುತ್ತದೆ. ಅದು ಮುಚ್ಚಿದ್ದರೆ ಟಾಂಕಿಯೊಳಗೆ ಗಾಳಿ ಹೋಗದೆ ಎಣ್ಣೆ ಬರುವುದು ನಿಲ್ಲುತ್ತದೆ. ಇದರ ದುರಸ್ತಿಗೆ ಕಾಸೂ ಬೇಡ. ಇನ್ನು ಕೊಳವೆಯ ನಡುವೆ ಕೈಯಲ್ಲಿ ಹಿಚುಕುವ ರಬ್ಬರ್ ಉಂಡೆ. ಇಂಜಿನ್ ಸಾಯುತ್ತಿರುವಾಗ ಅದನ್ನು ಹಿಚುಕಿ ನೋಡಿ. ಜೀವ ಬಂದರೆ ತೊಂದರೆ ಎಣ್ಣೆ ಬರುವ ದಾರಿಯಲ್ಲಿದೆ: ಒಡೆದ ಕೊಳವೆ, ಕಟ್ಟಿದ ಜಾಲರಿ, ಇಲ್ಲವೆ ಎಣ್ಣೆಯ ಪಂಪು. ಜೀವ ಬಾರದಿದ್ದರೆ ಬೇರೆ ಕಡೆ ಹುಡುಕಿ. ಟಾಂಕಿಯ ತಳದ ಎಣ್ಣೆಯನ್ನು ಗಾಜಿನ ಸೀಸೆಗೆ ಬಸಿದು ಸ್ವಲ್ಪ ಹೊತ್ತು ಇಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಮೆಲ್ಲಗೆ ಓಡಿಸುವಾಗ ಮಾತ್ರ ನಿಂತುಹೋಗುವುದಾದರೆ ಕಾರ್ಬುರೇಟರಿನ ಸಣ್ಣ ತೂತು ಕಟ್ಟಿರಬಹುದು. ಸ್ಟೌವಿನ ನಿಪ್ಪಲಿಗೆ ಪಿನ್ನು ಹಾಕಿದಂತೆ ಇಲ್ಲಿ ತಂತಿ ತೂರಿಸಬಾರದು. ತೂತು ಅಗಲವಾದರೆ ಅಳತೆ ಕೆಡುತ್ತದೆ. ಪೆಟ್ರೋಲಿನಲ್ಲಿ ತೊಳೆದು ಗಾಳಿ ಹೊಡೆಸಬೇಕು.

ಎರಡನೆಯದು ಕಿಡಿ. ಪ್ಲಗ್ಗು ಬಿಚ್ಚಿ ನೋಡುವುದು ವೈದ್ಯರು ನಾಲಗೆ ನೋಡಿದ ಹಾಗೆ. ಕಂದು ಬಣ್ಣವಿದ್ದರೆ ಆರೋಗ್ಯ. ಕಪ್ಪಾಗಿ ಒದ್ದೆಯಾಗಿದ್ದರೆ ಕಿಡಿ ಸಾಲದು, ಇಲ್ಲವೆ ಎಣ್ಣೆ ಹೆಚ್ಚು. ಸೀಮೆಎಣ್ಣೆಯಲ್ಲಿ ಬಹಳ ಹೊತ್ತು ಮೆಲ್ಲಗೆ ಓಡಿಸಿದರೂ ಹೀಗೆ ಮಸಿ ಹಿಡಿಯುತ್ತದೆ. ಬೆಳ್ಳಗೆ ಸುಟ್ಟಂತಿದ್ದರೆ ಅಪಾಯ: ಇಂಜಿನ್ ಅತಿಯಾಗಿ ಕಾದಿದೆ, ಒಡನೆಯೆ ನಿಲ್ಲಿಸಿ ಕಾರಣ ಹುಡುಕಬೇಕು. ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಒಂದು ಪ್ಲಗ್ಗು ಕಂದಾಗಿದ್ದು ಇನ್ನೊಂದು ಒದ್ದೆಯಾಗಿದ್ದರೆ, ಎರಡನ್ನೂ ಒರೆಸಿ ಅದಲುಬದಲು ಮಾಡಿ ಓಡಿಸಿ. ರೋಗ ಪ್ಲಗ್ಗಿನ ಜೊತೆಗೇ ಹೋದರೆ ಪ್ಲಗ್ಗು ಕೆಟ್ಟಿದೆ. ಹಳೆಯ ಜಾಗದಲ್ಲೇ ಉಳಿದರೆ ವಯರು, ಕಾಯಿಲು ಅಥವಾ ಆ ಸಿಲಿಂಡರನ್ನೇ ಪರೀಕ್ಷಿಸಬೇಕು. ಉಪ್ಪುಗಾಳಿಗೆ ವಯರಿನ ತುದಿಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಅದನ್ನು ಉಜ್ಜಿ ತೆಗೆದರೆ ಎಷ್ಟೋ ಇಂಜಿನ್ನುಗಳು ಸುಧಾರಿಸುತ್ತವೆ. ಕಿಡಿ ಪರೀಕ್ಷಿಸುವ ಹತ್ತಿರ ತೆರೆದ ಟಾಂಕಿಯನ್ನು ಮಾತ್ರ ಇಡಬಾರದು.

ಮೂರನೆಯದು ಒತ್ತಡ. ಹಗ್ಗ ಎಳೆದಾಗ ತಡೆಯೇ ಇಲ್ಲದೆ ಸಲೀಸಾಗಿ ಬಂದರೆ ಒಳಗಿನ ರಿಂಗು ಸವೆದಿದೆ. ಇದು ದೊಡ್ಡ ಖರ್ಚು. ಕೊಳ್ಳುವ ಮೊದಲೇ ಇದನ್ನು ಮಾಪಕ ಹಾಕಿ ನೋಡಿಸಬೇಕು. ಎರಡು ಸಿಲಿಂಡರುಗಳ ಅಂಕಿಯಲ್ಲಿ ಬಹಳ ಅಂತರವಿದ್ದರೆ ಆ ಇಂಜಿನ್ನಿಗೆ ದೂರದಿಂದಲೇ ನಮಸ್ಕಾರ.

ನಾಲ್ಕನೆಯದು ತಂಪು. ಓಡುವಾಗ ಇಂಜಿನ್ನಿನ ಹಿಂದಿನಿಂದ ಸಣ್ಣ ನೀರಿನ ಧಾರೆ ಚಿಮ್ಮುತ್ತಿರಬೇಕು. ಧಾರೆ ನಿಂತರೆ ದಾರಿ ಕಟ್ಟಿದೆ, ಇಲ್ಲವೆ ನೀರೆತ್ತುವ ರಬ್ಬರ್ ಚಕ್ರ ಹಾಳಾಗಿದೆ. ಆ ಚಕ್ರಕ್ಕೆ ನೀರೇ ಎಣ್ಣೆ. ಅಂಗಳದಲ್ಲಿ ಒಣಗಾಗಿ ಇಂಜಿನ್ ಓಡಿಸಿ ತೋರಿಸುವ ಮಾರಾಟಗಾರ ನಿಮ್ಮೆದುರಿಗೇ ಅದನ್ನು ಸುಡುತ್ತಿದ್ದಾನೆ. ಪರೀಕ್ಷೆ ನೀರು ತುಂಬಿದ ಡ್ರಮ್ಮಿನಲ್ಲೇ ಆಗಬೇಕು.

ಇಷ್ಟೆಲ್ಲ ಸರಿಯಿದ್ದೂ ದೋಣಿ ಓಡದಿದ್ದರೆ? ಇಂಜಿನ್ ಕೂಗುತ್ತದೆ, ದೋಣಿ ಕದಲದು ಎಂದಾದರೆ ಫ್ಯಾನಿನ ನಡುವಿನ ರಬ್ಬರ್ ಜಾರುತ್ತಿರಬಹುದು, ಪಿನ್ನು ಮುರಿದಿರಬಹುದು, ಬಲೆಯ ನೂಲು ಸುತ್ತಿರಬಹುದು. ಹಳೆಯ ಪ್ಲೈವುಡ್ ದೋಣಿಯಾದರೆ ಮರ ನೀರು ಕುಡಿದು ಭಾರವಾಗಿರಬಹುದು. ಆಗ ದೋಣಿಯ ತಪ್ಪಿಗೆ ಇಂಜಿನ್ನನ್ನು ಬಯ್ದು ಫಲವಿಲ್ಲ. ಗೇರಿನ ಎಣ್ಣೆಯನ್ನೂ ಒಂದು ತೊಟ್ಟು ತೆಗೆದು ನೋಡಿ. ಹಾಲಿನಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ, ಸೀಲು ಹೋಗಿದೆ ಎಂದರ್ಥ.

ಕೆಡದಂತೆ ಕಾಯುವುದು ಇನ್ನೂ ಅಗ್ಗ. ಸಮುದ್ರದಿಂದ ಬಂದ ಮೇಲೆ ಸಿಹಿನೀರಿನ ಡ್ರಮ್ಮಿನಲ್ಲಿ ಸ್ವಲ್ಪ ಹೊತ್ತು ಓಡಿಸಿ ಉಪ್ಪನ್ನು ತೊಳೆಯಬೇಕು. ಗಿರಣಿಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾಳಿ ಮುಗಿದಾಗ ಮಗ್ಗ ಒರೆಸಿ ಎಣ್ಣೆ ಬಿಟ್ಟವನ ಮಗ್ಗ ಬೇಗ ಕೆಡುತ್ತಿರಲಿಲ್ಲ. ಎರಡು ಸ್ಟ್ರೋಕಿನ ಇಂಜಿನ್ನಿಗೆ ಪೆಟ್ರೋಲಿನಲ್ಲಾಗಲಿ ಸೀಮೆಎಣ್ಣೆಯಲ್ಲಾಗಲಿ ಬೆರೆಸುವ ಆಯಿಲಿನ ಪ್ರಮಾಣವನ್ನು ಆಯಾ ಇಂಜಿನ್ನಿನ ಪುಸ್ತಕದಂತೆಯೇ ಇಡಬೇಕು. ಅದರಲ್ಲಿ ಉಳಿತಾಯ ಮಾಡಿದರೆ ಪಿಸ್ಟನ್ನೇ ಹಿಡಿದುಕೊಳ್ಳುತ್ತದೆ.

ಆದರೆ ಗೆಳೆಯರೇ, ಒಬ್ಬೊಬ್ಬ ಮೀನುಗಾರನೂ ಮೆಕ್ಯಾನಿಕನಾಗಲಾರ. ತಿರುವನಂತಪುರದ ಕಡೆಯವರು ಇದಕ್ಕೊಂದು ದಾರಿ ತೋರಿಸಿದ್ದಾರೆ. ಅಲ್ಲಿ ಕೇಂದ್ರವಿರುವ, 1980ರಲ್ಲಿ ಆರಂಭವಾದ ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟ ಮೀನುಗಾರರದೇ ಸಹಕಾರ ಸಂಸ್ಥೆ. ಅದು ಪ್ಲೈವುಡ್ ದೋಣಿ ಕಟ್ಟುವ ಅಂಗಳಗಳನ್ನೂ ಇಂಜಿನ್ ದುರಸ್ತಿಯ ಕೇಂದ್ರಗಳನ್ನೂ ನಡೆಸಿತು. ಒಬ್ಬನಿಗೆ ಎಟುಕದ ಬಿಡಿಭಾಗ ಹತ್ತು ಜನ ಸೇರಿದರೆ ಎಟುಕುತ್ತದೆ. ಇದು ಸಂಘದಲ್ಲಿ ಕುಳಿತ ನಮಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

2017ರ ನವೆಂಬರ್ ಕೊನೆಯಲ್ಲಿ ಒಖಿ ಚಂಡಮಾರುತ ಬಂದಾಗ ತಿರುವನಂತಪುರದ ದಂಡೆಯ ಅನೇಕ ಮನೆಗಳು ದುಡಿಯುವ ಗಂಡಸನ್ನು ಕಳೆದುಕೊಂಡವು. ಮರುವರ್ಷ, 2018ರ ಆಗಸ್ಟಿನಲ್ಲಿ, ಕೇರಳದಲ್ಲಿ ಮಹಾಪೂರ ಬಂದಾಗ ಅದೇ ದಂಡೆಗಳ ಮೀನುಗಾರರು ದೋಣಿ ಮತ್ತು ಇಂಜಿನ್ನುಗಳನ್ನು ಲಾರಿಗೆ ಏರಿಸಿಕೊಂಡು ಚೆಂಗನ್ನೂರಿನಂಥ ಊರುಗಳಿಗೆ ಹೋದರು. ಮನೆಯ ಮಾಡಿನ ಮೇಲೆ ಕುಳಿತಿದ್ದ ಸಾವಿರಾರು ಜನರನ್ನು ಇಳಿಸಿ ತಂದರು. ಚೆನ್ನಾಗಿ ನೋಡಿಕೊಂಡ ಇಂಜಿನ್ ತನ್ನ ಒಡೆಯನಿಗೆ ಮಾತ್ರವಲ್ಲ, ನಾಡಿಗೇ ಒದಗುತ್ತದೆ.

ಆದುದರಿಂದ ನಮ್ಮ ಸೂಚನೆ ಇಷ್ಟು. ಮುಂದಿನ ಸಲ ಊರಿಗೆ ಹಣ ಕಳಿಸುವಾಗ ಜೊತೆಗೆ ಎರಡು ಹೊಸ ಪ್ಲಗ್ಗು, ಒಂದು ಪ್ಲಗ್ ಸ್ಪಾನರು, ನೀರೆತ್ತುವ ಒಂದು ರಬ್ಬರ್ ಚಕ್ರ, ಫ್ಯಾನಿನ ಪಿನ್ನುಗಳು, ಇವನ್ನೂ ಆ ಇಂಜಿನ್ನಿನ ಅಳತೆ ಕೇಳಿ ಕಳಿಸೋಣ. ಒಂದೇ ದಂಡೆಯ ಐದಾರು ದೋಣಿಯವರು ಸೇರಿ ಒಂದು ಪೆಟ್ಟಿಗೆ ಇಟ್ಟುಕೊಳ್ಳಲಿ. ದೋಣಿಯಲ್ಲಿ ಜೋಡಿ ಹುಟ್ಟು ಮತ್ತು ಎಲ್ಲರಿಗೂ ಲೈಫ್ ಜಾಕೆಟ್ ಇರಲೇಬೇಕೆಂದು ತಮ್ಮನಿಗೆ ಗದರಿ ಹೇಳೋಣ. ನಮ್ಮ ಬೆವರಿನ ಹಣ ಅಲೆಯ ಆಚೆ ಹೋಗಿ ಮೀನಾಗಿ ಬರಲಿ. ಹೋದವರು ಸುರಕ್ಷಿತವಾಗಿ ದಡ ಸೇರಲಿ.