ಕೈ ಹಿಡಿದ ಮೇಲೆ ವರ್ಷವಾದರೂ ಬಿಡಬೇಡಿ



ನಮ್ಮ ಊರಿನ ಮಕ್ಕಳಿಗೆ, ಹರೆಯದವರಿಗೆ ಸ್ವಇಚ್ಛೆಯಿಂದ ಮಾರ್ಗದರ್ಶಕರಾಗಿ ನಿಲ್ಲುವ ಕೆಲಸದ ಬಗ್ಗೆ ಇಂದು ದಿನವಿಡೀ ಚರ್ಚೆ ನಡೆಯಲಿದೆ. ಈ ಸಂಕಿರಣದ ಆಶಯವನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಒಬ್ಬ ಹುಡುಗನ ಅಥವಾ ಹುಡುಗಿಯ ಕೈ ಹಿಡಿದವರು ಕನಿಷ್ಠ ಒಂದು ವರ್ಷ ಬಿಡಬಾರದು. ಬುದ್ಧಿಮಾತು ಹೇಳುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಹೇಳಿದ ಮೇಲೂ ಜೊತೆಗೆ ನಿಲ್ಲುವವರು ಕಡಿಮೆ. ಆ ಕೊರತೆಯನ್ನು ತುಂಬುವ ದಾರಿ ಹುಡುಕಲು ನಾವಿಲ್ಲಿ ಸೇರಿದ್ದೇವೆ.

ಹೀಗೆ ನಿಂತವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಮ್ಮದೇ ತಾಲ್ಲೂಕಿನ ಆಲಮಟ್ಟಿಯನ್ನು ಇಂದು ನಾಡು ಬಲ್ಲುದು ಲಾಲ್ ಬಹಾದ್ದೂರ್ ಶಾಸ್ತ್ರಿ ಜಲಾಶಯದಿಂದ. 1964ರಲ್ಲಿ ಆ ಅಣೆಕಟ್ಟೆಗೆ ಅಡಿಗಲ್ಲು ಬೀಳುವ ಬಹಳ ಮೊದಲೇ ಆಲಮಟ್ಟಿಗೆ ಹೆಸರು ತಂದವರು ಹರ್ಡೇಕರ ಮಂಜಪ್ಪನವರು. 1886ರಲ್ಲಿ ಬನವಾಸಿಯಲ್ಲಿ ಹುಟ್ಟಿ, ಮುಲ್ಕಿ ಪರೀಕ್ಷೆ ಮುಗಿಸಿ ಶಿಕ್ಷಕರಾದವರು ಅವರು. ಸ್ವದೇಶಿ ಚಳವಳಿಯ ಕಾವಿನಲ್ಲಿ ನೌಕರಿ ಬಿಟ್ಟು 1906ರಲ್ಲಿ ದಾವಣಗೆರೆಯಿಂದ ‘ಧನುರ್ಧಾರಿ’ ಪತ್ರಿಕೆ ಹೊರಡಿಸಿದರು. 1913ರಲ್ಲಿ ಅಲ್ಲಿನ ವಿರಕ್ತಮಠದ ಮೃತ್ಯುಂಜಯ ಅಪ್ಪಗಳೊಡನೆ ಸೇರಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದರು. ಜನ ಅವರನ್ನು ಕರ್ನಾಟಕದ ಗಾಂಧಿ ಎಂದು ಕರೆದರು.

ಇಷ್ಟು ಹೆಸರು ಮಾಡಿದವರು ದೊಡ್ಡ ಪಟ್ಟಣವೊಂದರಲ್ಲಿ ನೆಲೆಸಬಹುದಿತ್ತು. ಅವರು 1927ರಲ್ಲಿ ಕೃಷ್ಣೆಯ ದಂಡೆಗೆ ಬಂದು ಆಲಮಟ್ಟಿಯಲ್ಲಿ ವಿದ್ಯಾಲಯ ತೆರೆದರು. 1947ರ ಜನವರಿಯಲ್ಲಿ ಕಣ್ಣು ಮುಚ್ಚುವವರೆಗೂ ಆಲಮಟ್ಟಿಯೇ ಅವರ ನೆಲೆಯಾಗಿತ್ತು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಎರಡು ದಶಕಗಳ ವಾಸ. ಭಾಷಣ ಮುಗಿಸಿ ಮುಂದಿನ ಊರಿಗೆ ಹೊರಡುವ ಮುಖಂಡನಾಗಿ ಅವರು ಉಳಿಯಲಿಲ್ಲ, ಹುಡುಗರಿರುವ ಊರಿನಲ್ಲೇ ಮನೆ ಮಾಡಿದರು.

ಇಂದಿನ ನಮ್ಮ ಮಕ್ಕಳ ಪರಿಸ್ಥಿತಿ ಬೇರೆ. ಜಲಾಶಯದ ಹಿನ್ನೀರಿಗೆ ಹೊಲಮನೆ ಬಿಟ್ಟುಕೊಟ್ಟ ಕುಟುಂಬಗಳ ಮೂರನೆಯ ತಲೆಮಾರು ಪುನರ್ವಸತಿ ಕೇಂದ್ರಗಳಲ್ಲಿ ಬೆಳೆಯುತ್ತಿದೆ. ಊರು ಬದಲಾದಾಗ ಮನೆ ಮತ್ತೆ ಕಟ್ಟಿಕೊಳ್ಳಬಹುದು. ಆದರೆ ದಾರಿ ತಪ್ಪಿದ ಹುಡುಗನನ್ನು ಗದರಿಸಿ ಮನೆಗೆ ಕಳಿಸುತ್ತಿದ್ದ ಓಣಿಯ ಕಾಕಾ, ಹುಡುಗಿಯ ಸಂಕಟ ಕೇಳುತ್ತಿದ್ದ ನೆರೆಮನೆಯ ಚಿಗವ್ವ ಚದುರಿಹೋದರೆ, ಆ ಜಾಗ ತಾನಾಗಿ ತುಂಬುವುದಿಲ್ಲ. ಇನ್ನೊಂದೆಡೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ ದುಡಿಯಲು ಹೋಗುವ ಮನೆಗಳಿವೆ. ಎಷ್ಟೋ ಮಕ್ಕಳು ತಿಂಗಳುಗಟ್ಟಲೆ ಅಜ್ಜ-ಅಜ್ಜಿಯ ಬಳಿ ಇರುತ್ತಾರೆ, ಇಲ್ಲವೇ ಶಾಲೆ ಬಿಟ್ಟು ಜೊತೆಗೆ ಹೋಗುತ್ತಾರೆ.

ಇಂಥ ಮನೆಯ ಮಗುವಿಗೆ ಬೇಕಾದ ನೆರವು ಹಲವು ಸಲ ಬಹಳ ಚಿಕ್ಕದು. ಎಸ್ಸೆಸ್ಸೆಲ್ಸಿಯನ್ನೇ ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೇ ವರ್ಷ ಮೂರು ಪರೀಕ್ಷೆಗಳ ಪದ್ಧತಿಯೂ ಬಂತು. ಅಂದರೆ ಮೊದಲ ಸಲ ಎಡವಿದ ಮಗುವಿಗೆ ಆ ವರ್ಷದಲ್ಲೇ ಮತ್ತೆ ಬರೆಯುವ ಅವಕಾಶವಿದೆ. ಆದರೆ ಫಲಿತಾಂಶ ಬಂದ ಸಂಜೆ ಆ ಮನೆಗೆ ಹೋಗಿ, “ತಮ್ಮಾ, ನಾಳೆ ಶಾಲೆಗೆ ಹೋಗಿ ಎರಡನೇ ಪರೀಕ್ಷೆಗೆ ಹೆಸರು ಹಚ್ಚೂಣು ಬಾ” ಎನ್ನುವವರು ಯಾರು? ಅದನ್ನು ಹೇಳುವವರಿಲ್ಲದೆ ಎಷ್ಟೋ ಹುಡುಗರ ಓದು ಅಲ್ಲಿಗೇ ನಿಲ್ಲುತ್ತದೆ, ಎಷ್ಟೋ ಹುಡುಗಿಯರ ಮದುವೆಯ ಮಾತು ಅಲ್ಲಿಂದ ಶುರುವಾಗುತ್ತದೆ. ಪಿಯುಸಿ, ಐಟಿಐ, ಡಿಪ್ಲೊಮಾಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಯಾವಾಗ ಅರ್ಜಿ ಹಾಕಬೇಕು, ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನದ ಕೊನೆಯ ದಿನ ಯಾವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ: ಓದಿದವರ ಮನೆಯಲ್ಲಿ ಊಟದ ಹೊತ್ತಿಗೆ ಬಂದುಹೋಗುವ ಮಾತುಗಳಿವು. ಮನೆಯಲ್ಲಿ ಮೊದಲ ಸಲ ಓದುತ್ತಿರುವ ಮಗುವಿಗೆ ಈ ಮಾತುಗಳನ್ನು ಮುಟ್ಟಿಸುವುದೇ ಮಾರ್ಗದರ್ಶಕರ ಮುಖ್ಯ ಕೆಲಸ.

ಈ ಕೆಲಸವನ್ನು ಜಗತ್ತಿನ ಬೇರೆಡೆ ವ್ಯವಸ್ಥಿತವಾಗಿ ಮಾಡಿದವರಿದ್ದಾರೆ. ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೋಲ್ಟರ್, ಅಲ್ಲಿಗೆ ಬರುವ ಹುಡುಗರಿಗೆ ತಲಾ ಒಬ್ಬ ಹಿರಿಯ ಗೆಳೆಯನನ್ನು ಗೊತ್ತುಮಾಡುವ ಪ್ರಯತ್ನವನ್ನು 1904ರಲ್ಲಿ ಶುರುಮಾಡಿದರು. ಮುಂದೆ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ದೊಡ್ಡ ಸಂಸ್ಥೆಯಾಗಿ ಬೆಳೆದ ಆ ಚಳವಳಿಯ 1,138 ಮಕ್ಕಳ ಮಾಹಿತಿಯನ್ನು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದರು. ಒಡನಾಟ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದ ಮಕ್ಕಳಲ್ಲಿ ಅತಿ ಹೆಚ್ಚು ಒಳಿತು ಕಂಡಿತು. ಮೊದಲ ಕೆಲವೇ ತಿಂಗಳಲ್ಲಿ ಕೈಬಿಟ್ಟುಹೋದ ಮಕ್ಕಳ ಆತ್ಮಗೌರವ ಇನ್ನಷ್ಟು ಕುಸಿದಿತ್ತು. ಒಳ್ಳೆಯ ಮನಸ್ಸಿನಿಂದ ಶುರುಮಾಡಿದ ಸೇವೆಯೂ ನಡುವೆ ನಿಂತರೆ ಮಗುವಿಗೆ ಪೆಟ್ಟು ಕೊಡುತ್ತದೆ. ನನ್ನನ್ನು ಬಿಟ್ಟುಹೋಗುವವರ ಪಟ್ಟಿಗೆ ಇವರೂ ಸೇರಿದರು ಎಂದು ಆ ಮಗು ಲೆಕ್ಕ ಹಾಕುತ್ತದೆ.

ಮುಂಗಾರಿನ ತೇವವನ್ನು ಒಡಲಲ್ಲಿ ಹಿಡಿದಿಟ್ಟುಕೊಂಡ ನಮ್ಮ ಎರೆಹೊಲ ಹಿಂಗಾರಿನಲ್ಲಿ ಬಿಳಿಜೋಳ ಬೆಳೆದುಕೊಡುತ್ತದೆ. ಹರೆಯದ ಮನಸ್ಸೂ ಹಾಗೆಯೇ. ಕೊಟ್ಟದ್ದು ತಕ್ಷಣ ಕಾಣುವುದಿಲ್ಲ, ಕಾಯಬೇಕು.

ಕಾಯುವುದಕ್ಕೆ ಬೇಕಾದ ಸಮಯ ನಮ್ಮಲ್ಲಿದೆಯೇ? ಇದೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಪ್ರತಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕು. ವಾರಕ್ಕೆ ಎರಡು ಗಂಟೆಯಂತೆ ವರ್ಷವಿಡೀ ಒಂದು ಮಗುವಿನ ಜೊತೆ ಕಳೆದರೆ 104 ಗಂಟೆಯಾಗುತ್ತದೆ. ಆವರಣದ ಕಸ ತೆಗೆಯುವುದಕ್ಕೂ ಜಾಥಾಕ್ಕೂ ಗಂಟೆಗಳನ್ನು ಹಂಚಿಬಿಡುವ ಬದಲು ಅದರ ಬಹುಪಾಲನ್ನು ಒಂದು ಮಗುವಿಗೆ ಮೀಸಲಿಡುವುದನ್ನು ಕಾಲೇಜುಗಳು ಯೋಚಿಸಬೇಕು. ಜಾಗವೂ ಇದೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ತೆರೆದುಕೊಂಡ ಪಂಚಾಯತಿ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳಾಗಿವೆ. ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ನರ್ಸ್‌ಗಳು, ಮೆಕ್ಯಾನಿಕ್‌ಗಳು, ಪ್ರಗತಿಪರ ರೈತರು, ಸ್ವಸಹಾಯ ಸಂಘದ ತಾಯಂದಿರು ಪ್ರತಿ ಊರಲ್ಲೂ ಇದ್ದಾರೆ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಯಾವ ಸಡಿಲಿಕೆಯೂ ಕೂಡದು. ಭೇಟಿ ನಾಲ್ಕು ಜನ ಓಡಾಡುವ ಜಾಗದಲ್ಲಿ, ಪಾಲಕರ ಒಪ್ಪಿಗೆಯಿಂದ ನಡೆಯಬೇಕು. ಹುಡುಗಿಯರಿಗೆ ಮಹಿಳಾ ಮಾರ್ಗದರ್ಶಕರೇ ಇರಬೇಕು. ಮಗುವಿನ ಗುಟ್ಟನ್ನು ಓಣಿಯಲ್ಲಿ ಹರಡಬಾರದು. ಆದರೆ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮುಚ್ಚಿಡುವಂತಿಲ್ಲ. 2012ರ ಪೋಕ್ಸೊ ಕಾಯ್ದೆ ಅದನ್ನು ವರದಿ ಮಾಡುವುದನ್ನು ಕಡ್ಡಾಯ ಮಾಡಿದೆ. ಬಾಲ್ಯವಿವಾಹದ ಸುದ್ದಿ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಸಾಲ ಕೊಡುವುದು, ಜಾತಿ-ಪಕ್ಷದ ಕೆಲಸಕ್ಕೆ ಹುಡುಗರನ್ನು ಎಳೆಯುವುದು ಮಾರ್ಗದರ್ಶನವಲ್ಲ.

ಇಂದಿನ ಗೋಷ್ಠಿಗಳ ಮುಂದೆ ಮೂರು ಪ್ರಶ್ನೆಗಳನ್ನಿಡುತ್ತೇನೆ. ದುಡಿಯಲು ಹೋದ ಮನೆಯ ಮಗುವಿನೊಂದಿಗೆ ಒಡನಾಟ ಕಡಿಯದಂತೆ ನೋಡಿಕೊಳ್ಳುವುದು ಹೇಗೆ? ಮಾರ್ಗದರ್ಶಕರನ್ನು ಆರಿಸಿ, ತರಬೇತಿ ಕೊಟ್ಟು, ಮೇಲ್ವಿಚಾರಣೆ ಮಾಡುವ ಹೊಣೆ ಶಾಲೆಯದೋ, ಪಂಚಾಯತಿಯದೋ, ಕಾಲೇಜಿನದೋ? ಮಾರ್ಗದರ್ಶಕರಿಗೆ ವರ್ಗವಾದರೆ, ಮದುವೆಯಾಗಿ ಬೇರೆ ಊರಿಗೆ ಹೋದರೆ, ಮಗುವಿಗೆ ನೋವಾಗದಂತೆ ಇನ್ನೊಬ್ಬರ ಕೈಗೆ ಒಪ್ಪಿಸುವುದು ಹೇಗೆ? ಸಂಜೆಯ ಹೊತ್ತಿಗೆ ಈ ಮೂರಕ್ಕೆ ಕಾರ್ಯರೂಪಕ್ಕೆ ತರಬಲ್ಲ ಉತ್ತರ ಸಿಕ್ಕರೆ ಸಂಕಿರಣ ಸಾರ್ಥಕ.

ಕೊನೆಯದಾಗಿ ಒಂದು ವಿನಂತಿ. ಈ ಸಭೆಯಲ್ಲಿರುವ ಪ್ರತಿಯೊಬ್ಬರೂ ಬರುವ ಜೂನ್‌ನಲ್ಲಿ ಶಾಲೆ ತೆರೆಯುವ ದಿನದಿಂದ ಅದರ ಮರುವರ್ಷದ ಜೂನ್‌ವರೆಗೆ ಒಂದೇ ಒಂದು ಮಗುವಿನ ಹೊಣೆ ಹೊತ್ತುಕೊಳ್ಳಿ. ಹತ್ತು ಮಕ್ಕಳ ಹೆಸರು ಬರೆದುಕೊಂಡು ಯಾರನ್ನೂ ನೋಡದಿರುವುದಕ್ಕಿಂತ ಒಬ್ಬರ ಮನೆಗೆ ವರ್ಷವಿಡೀ ಹೋಗುವುದು ಮೇಲು. ನಿಲ್ಲುವ ಮನಸ್ಸಿದ್ದರೆ ಇಂದೇ ಹೆಸರು ಕೊಡಿ, ಹೆಸರು ಕೊಟ್ಟ ಮೇಲೆ ದಯವಿಟ್ಟು ನಿಲ್ಲಿ.