ಕೋಳಿಗೆ ಉಸಿರಾಟದ ರೋಗ: ಔಷಧಿಯೋ, ವಿಲೇವಾರಿಯೋ?

(ಮಹಿಳಾ ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಸಾರಾಂಶ)



ಹಾಲಿನ ಬಟವಾಡೆಯಿಂದ ಮನೆ ನಡೆದರೆ, ಮೊಟ್ಟೆಯ ಕಾಸು ಸಂತೆಯ ಖರ್ಚಿಗೆ, ಮಕ್ಕಳ ಪುಸ್ತಕಕ್ಕೆ ಒದಗುತ್ತದೆ. ಆದ್ದರಿಂದ ಹಿತ್ತಲಿನ ಹತ್ತು ಕೋಳಿಗಳಲ್ಲಿ ಒಂದು ಗೊರಗೊರ ಎಂದರೂ ಚಿಂತೆಯಾಗುವುದು ಸಹಜ. ಆಗ ಹಲವರು ಹಸುವಿಗೆ ತಂದು ಉಳಿದ ಔಷಧಿಯನ್ನು ನೀರಿಗೆ ಬೆರೆಸುತ್ತಾರೆ. ಇಲ್ಲವೇ ಸಾಯುವ ಮೊದಲು ಸಂತೆಗೆ ಒಯ್ಯುತ್ತಾರೆ. ಎರಡೂ ಸಲ್ಲದು. ಸಂತೆಗೆ ಹೋದ ಒಂದು ರೋಗದ ಕೋಳಿ ಹತ್ತು ಊರಿಗೆ ರೋಗ ಹಂಚುತ್ತದೆ.

ಮೊದಲು ಆ ಕೋಳಿಯನ್ನು ಬೇರೆ ಪಂಜರದಲ್ಲಿಡಿ. ಆರೋಗ್ಯವಂತ ಕೋಳಿಗಳಿಗೆ ಮೇವು ಹಾಕಿದ ನಂತರವೇ ಅದರ ಬಳಿ ಹೋಗಿ, ಕೈ ತೊಳೆಯಿರಿ. ಗೂಡು ತೇವವಾಗಿ ಮೂಗಿಗೆ ಘಾಟು ಬಡಿಯುತ್ತಿದ್ದರೆ ಗೊಬ್ಬರ ತೆಗೆದು ಗಾಳಿಯಾಡುವಂತೆ ಮಾಡಿ. ಬಳಿಕ ರೋಗದ ರೀತಿ ಗಮನಿಸಿ.

ಹಸಿರು ಭೇದಿ, ತಿರುಚಿದ ಕತ್ತು, ಒಂದರ ಹಿಂದೊಂದು ಸಾವು ಕಂಡರೆ ರಾಣಿಖೇತ್, ಅಂದರೆ ಕೊಕ್ಕರೆ ರೋಗವಿರಬಹುದು. ಇದು ವೈರಸ್ ರೋಗ; ವಾಸಿ ಮಾಡುವ ಔಷಧಿಯಿಲ್ಲ. ನರಳುವ ಕೋಳಿಯನ್ನು ಉಳಿಸಿಕೊಳ್ಳುವುದರಿಂದ ಲಾಭವಿಲ್ಲ.

ಜುಟ್ಟು ನೀಲಿಗಟ್ಟಿ, ತಲೆ ಊದಿ, ಕೋಳಿಗಳು ಒಮ್ಮೆಲೇ ಸತ್ತರೆ ಹಕ್ಕಿಜ್ವರದ ಶಂಕೆ. 2012ರಲ್ಲಿ ಹೆಸರಘಟ್ಟದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇದು ಕಂಡುಬಂದಿದೆ. ಮುಟ್ಟಬೇಡಿ, ಕೊಯ್ಯಬೇಡಿ; ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಅಲ್ಲಿ ತೀರ್ಮಾನ ಇಲಾಖೆಯದು, ನಮ್ಮದಲ್ಲ. 2024ರಲ್ಲಿ ಅಮೆರಿಕದಲ್ಲಿ ಈ ರೋಗ ಹಾಲು ಕರೆಯುವ ಹಸುಗಳಿಗೂ ತಗುಲಿತು. ಆದ್ದರಿಂದ ಗೋದಲಿಯಲ್ಲಿ ಕೋಳಿ ಮಲಗಲು ಬಿಡಬೇಡಿ.

ಮುಖ ಊದಿ ಮೂಗಿನಿಂದ ದುರ್ವಾಸನೆಯ ಲೋಳೆ ಸುರಿದರೆ ಕೊರೈಜಾ ಇರಬಹುದು. ವಾರಗಟ್ಟಲೆ ಗೊರಗುಟ್ಟಿ ಸೊರಗಿದರೆ ಸಿ.ಆರ್.ಡಿ. ಇರಬಹುದು. ನಿಜವಾಗಿ ಯೋಚಿಸಬೇಕಾದದ್ದು ಇಲ್ಲಿಯೇ. ವೈದ್ಯರು ಕೊಡುವ ಔಷಧಿಯಿಂದ ಲಕ್ಷಣಗಳು ತಗ್ಗುತ್ತವೆ, ಕೋಳಿ ಮತ್ತೆ ಮೊಟ್ಟೆಯಿಡುತ್ತದೆ. ಆದರೆ ರೋಗಾಣು ಒಳಗೇ ಉಳಿಯುತ್ತದೆ. ಸಿ.ಆರ್.ಡಿ. ಮೊಟ್ಟೆಯ ಮೂಲಕ ಮರಿಗೂ ಹೋಗುತ್ತದೆ.

ಹಾಗಾಗಿ ಲೆಕ್ಕ ಒಂದು ಕೋಳಿಯದಲ್ಲ, ಇಡೀ ಗುಂಪಿನದು. ಒಂದೆರಡಕ್ಕೆ ಮಾತ್ರ ರೋಗವಿದ್ದು, ಅವು ಮುದಿಯಾಗಿದ್ದರೆ ತೆಗೆದುಬಿಡಿ. ಎಲ್ಲಕ್ಕೂ ಹರಡಿದ್ದು, ಮೇವು ತಿನ್ನುತ್ತಿದ್ದರೆ ಎಲ್ಲಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡಿಸಿ. ಆದರೆ ಅವುಗಳ ಮೊಟ್ಟೆಯನ್ನು ಕಾವಿಗೆ ಇಡಬೇಡಿ, ಗಿರಿರಾಜ, ಸ್ವರ್ಣಧಾರಾ ಮರಿಗಳನ್ನು ಅವುಗಳ ಜೊತೆ ಬಿಡಬೇಡಿ. ಹಳೆಯ ಗುಂಪು ಮುಗಿದ ಮೇಲೆ ಗೂಡಿಗೆ ಸುಣ್ಣ ಬಳಿದು, ಕೆಲವು ವಾರ ಖಾಲಿ ಬಿಟ್ಟು ಹೊಸ ಮರಿ ತನ್ನಿ.

ಔಷಧಿ ಕೊಟ್ಟ ಹಸುವಿನ ಹಾಲನ್ನು ಸಂಘಕ್ಕೆ ಹಾಕಬಾರದಲ್ಲವೇ? ಮೊಟ್ಟೆಗೂ ಅದೇ ನಿಯಮ. ವೈದ್ಯರು ಹೇಳಿದಷ್ಟು ದಿನ ತಿನ್ನಬೇಡಿ, ಮಾರಬೇಡಿ. ಸತ್ತ ಕೋಳಿಯನ್ನು ತಿಪ್ಪೆಗೆ, ಕೆರೆಗೆ ಎಸೆಯದೆ, ನಾಯಿ ಕೆದಕಲಾಗದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.

ಈ ಕಷ್ಟದ ತೀರ್ಮಾನ ಪದೇಪದೇ ಬಾರದಿರಲು ಲಸಿಕೆ ಹಾಕಿಸಿ. ರಾಣಿಖೇತ್ ರೋಗಕ್ಕೆ ಮೊದಲ ವಾರದಲ್ಲಿ ಕಣ್ಣು ಅಥವಾ ಮೂಗಿಗೆ ಹನಿ, ಸುಮಾರು ಎಂಟನೇ ವಾರದಲ್ಲಿ ಚುಚ್ಚುಮದ್ದು. ಒಂದು ಸೀಸೆ ನೂರಾರು ಕೋಳಿಗೆ ಸಾಕಾಗುತ್ತದೆ, ಕಲಸಿದ ಮೇಲೆ ಉಳಿಯುವುದಿಲ್ಲ. ಒಬ್ಬರಿಗೆ ದುಬಾರಿಯಾದದ್ದು ಊರಿಗೆ ಅಗ್ಗ. ಹಾಲನ್ನು ಒಟ್ಟುಗೂಡಿಸಲು ಕಲಿತ ನೀವು, ಒಂದು ದಿನ ಗೊತ್ತುಮಾಡಿ ಕೋಳಿಗಳನ್ನೂ ಒಟ್ಟುಗೂಡಿಸಿ ಲಸಿಕೆ ಹಾಕಿಸಿರೆಂದು ಕೋರುತ್ತೇನೆ.