ಸ್ಪೇನಿನ ಗೆಳೆಯನಿಗೆ ಒಂದು ತಾಟು ಚುರಮುರಿ



ದೂರದ ಸ್ಪೇನಿನಿಂದ ಒಬ್ಬ ಗೆಳೆಯ ಮಂಗಸೂಳಿಗೆ ಬಂದನೆಂದು ಇಟ್ಟುಕೊಳ್ಳಿ. ಬಂದವರಿಗೆ ಮೊದಲು ನೀರು, ಆಮೇಲೆ ಚಹಾ, ಅದರ ಜೊತೆಗೆ ಒಂದು ತಾಟು ಚುರಮುರಿ ಕೊಡುವುದು ಈ ಭಾಗದ ರೂಢಿ. ಒಗ್ಗರಣೆ ಹಾಕಿದ ಚುರಮುರಿ, ಮೇಲೆ ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊ, ಹುರಿದ ಶೇಂಗಾ, ಪಕ್ಕದಲ್ಲಿ ಎರಡು ಮಿರ್ಚಿ ಭಜಿ, ಒಂದು ಬಟಾಟೆ ವಡೆ. ‘ಇದು ನಮ್ಮ ಕಡೆ ತಿಂಡಿ, ತಗೋರಿ’ ಎಂದು ಮನೆಯವರು ಉಪಚಾರ ಮಾಡುತ್ತಾರೆ. ಮಾತು ಸುಳ್ಳಲ್ಲ. ಆದರೆ ಆ ತಾಟಿನಲ್ಲಿರುವ ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಬಟಾಟೆ ಈ ನಾಲ್ಕೂ ಹುಟ್ಟಿದ್ದು ಅಮೆರಿಕ ಖಂಡಗಳಲ್ಲಿ. ಅವುಗಳನ್ನು ಕಡಲು ದಾಟಿಸಿದವರಲ್ಲಿ ಮೊದಲಿಗರು ಆ ಅತಿಥಿಯ ಹಿರಿಯರೇ. ಹಾಗಾದರೆ ಇಲ್ಲಿ ಯಾರು ಯಾರಿಗೆ ಯಾರ ತಿಂಡಿಯನ್ನು ಪರಿಚಯಿಸಿದಂತಾಯಿತು?

ಈ ಪ್ರಶ್ನೆಯನ್ನು ಕೇಳಲು ಮಂಗಸೂಳಿಗಿಂತ ತಕ್ಕ ಊರು ಸಿಗುವುದು ಕಷ್ಟ. ಇಂದಿನ ಕಾಗವಾಡ ತಾಲ್ಲೂಕಿನ ಈ ಊರು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಂತಿದೆ. ಮಿರಜ ಪೇಟೆ ಇಲ್ಲಿಗೆ ಹತ್ತಿರ. ಕನ್ನಡಿಗರ ಮೈಲಾರನೂ ಮರಾಠಿಗರ ಖಂಡೋಬಾನೂ ಇಲ್ಲಿ ಒಂದೇ ಗುಡಿಯಲ್ಲಿ ಒಂದೇ ಭಂಡಾರಕ್ಕೆ ಒಲಿಯುತ್ತಾನೆ. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಆಮೇಲೆ ಮಹಾಜನ ಆಯೋಗ ಬಂತು, 1967ರಲ್ಲಿ ಅದರ ವರದಿಯೂ ಬಂತು. ವಾದ ಮಾತ್ರ ಮುಗಿಯಲಿಲ್ಲ. ಊರು ಯಾರದು ಎಂಬ ವಾದದ ನಡುವೆ ತಿಂಡಿ ಯಾರದು ಎಂದು ಯಾರೂ ತಕರಾರು ತೆಗೆಯಲಿಲ್ಲ ಎಂಬುದೇ ವಿಶೇಷ. ಸಾಂಗಲಿ, ಜಯಸಿಂಗಪುರದ ಭಡಂಗ ಈಚೆಗೆ ಬಂತು, ಧಾರವಾಡದ ಗಿರಮಿಟ್ಟಿನ ಹೆಸರು ಆಚೆಗೂ ಕೇಳಿಸಿತು. ಎರಡಕ್ಕೂ ಮೂಲ ಅದೇ ಚುರಮುರಿ. ಮಸಾಲೆಯ ಹದ ಮಾತ್ರ ಬೇರೆ.

ಈಗ ಮೆಣಸಿನಕಾಯಿಯ ಕಥೆಗೆ ಬರೋಣ. 1492ರಲ್ಲಿ ಸ್ಪೇನಿನ ದೊರೆಗಳ ಹಡಗು ಹತ್ತಿ ಹೊರಟ ಕೊಲಂಬಸ್ ಹುಡುಕುತ್ತಿದ್ದುದು ಹಿಂದುಸ್ತಾನದ ದಾರಿಯನ್ನು, ಇಲ್ಲಿನ ಕರಿಮೆಣಸನ್ನು. ಸಿಕ್ಕಿದ್ದು ಬೇರೆ ನೆಲ, ಬೇರೆ ಖಾರ. ಅಲ್ಲಿಯ ಜನ ತಿನ್ನುತ್ತಿದ್ದ ಕಾಯಿ ಮೆಣಸಿಗಿಂತ ಮೇಲೆಂದು ಅವನು 1493ರ ಜನವರಿಯ ದಿನಚರಿಯಲ್ಲಿ ಬರೆದುಕೊಂಡ. ಸ್ಪೇನಿನಲ್ಲಿ ಕರಿಮೆಣಸಿಗೆ ‘ಪಿಮಿಯೆಂತಾ’ ಎನ್ನುತ್ತಾರೆ. ಹೊಸ ಕಾಯಿಗೆ ಅದರಿಂದಲೇ ‘ಪಿಮಿಯೆಂತೊ’ ಎಂಬ ಹೆಸರು ಹುಟ್ಟಿತು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದರು, 1510ರಲ್ಲಿ ಗೋವೆಯನ್ನು ಹಿಡಿದರು. ಅವರೊಂದಿಗೆ ಆ ಕಾಯಿ ಘಟ್ಟ ಹತ್ತಿ ಬಂದಾಗ ಕನ್ನಡಿಗರು ಮಾಡಿದ್ದೇನು? ಗೊತ್ತಿದ್ದ ಮೆಣಸಿನ ಹೆಸರನ್ನೇ ಹಿಡಿದು ‘ಮೆಣಸಿನಕಾಯಿ’ ಎಂದು ಕರೆದರು. ಒಬ್ಬರ ಗುರುತು ಇನ್ನೊಬ್ಬರಿಗಿಲ್ಲದ ಎರಡು ಜನಾಂಗಗಳು ಒಂದೇ ರೀತಿಯಲ್ಲಿ ಯೋಚಿಸಿದವು. ಹೊಸದನ್ನು ಮನೆಯೊಳಗೆ ಕರೆದುಕೊಳ್ಳುವುದಕ್ಕೆ ಹಳೆಯ ಹೆಸರೇ ಹೊಸ್ತಿಲು.

ಶೇಂಗಾದ ಕಥೆಯೂ ಹೀಗೆಯೇ. ಅದು ದಕ್ಷಿಣ ಅಮೆರಿಕದ ಬೆಳೆ. ಹೂವು ನೆಲದ ಮೇಲೆ ಅರಳಿ, ಕಾಯಿ ಮಣ್ಣಿನೊಳಗೆ ಕಟ್ಟುವ ಅದರ ಸ್ವಭಾವ ಎಲ್ಲರಿಗೂ ಸೋಜಿಗ. ಮೆಕ್ಸಿಕೊದ ನಹುವಾತಲ್ ಭಾಷೆಯವರು ತಮಗೆ ತಿಳಿದಿದ್ದ ಕೋಕೋ ಬೀಜವನ್ನು ನೆನೆದು ಅದನ್ನು ‘ನೆಲದ ಕೋಕೋ’ ಎಂದರು. ಸ್ಪೇನಿನವರ ‘ಕಾಕಾವೆತೆ’ ಅದರಿಂದ ಬಂದ ಮಾತು. ಕರಾವಳಿಯ ಕನ್ನಡಿಗರು ಕಡಲೆಯನ್ನು ನೆನೆದು ‘ನೆಲಗಡಲೆ’ ಎಂದರು. ಬಯಲುಸೀಮೆಯವರು ಮರಾಠಿಗರ ಜೊತೆ ಸೇರಿ ‘ಶೇಂಗಾ’ ಎಂದರು. ಇನ್ನು ಬಟಾಟೆಯ ಹೆಸರಂತೂ ಕಡಲು ದಾಟಿ ಬಂದದ್ದೇ. ಕೆರಿಬಿಯನ್ ದ್ವೀಪಗಳ ಜನ ಗೆಣಸಿಗೆ ‘ಬತಾತ’ ಎನ್ನುತ್ತಿದ್ದರು. ಪೋರ್ಚುಗೀಸರ ಬಾಯಲ್ಲಿ ಅದು ಗೋವೆಗೆ ಬಂದು, ಮರಾಠಿಯಲ್ಲಿ ‘ಬಟಾಟಾ’ ಆಗಿ, ಬೆಳಗಾವಿ ಕಡೆ ‘ಬಟಾಟೆ’ಯಾಗಿ ನಿಂತಿತು. ಸ್ಪೇನಿನವರ ‘ಪತಾತಾ’ ಅದರ ದಾಯಾದಿ. ಆಲೂಗಡ್ಡೆ ಎನ್ನುವ ಮೈಸೂರಿನವರಿಗಿಂತ ಈ ಒಂದು ಮಾತಿನಲ್ಲಿ ಮಂಗಸೂಳಿಯವರೇ ಸ್ಪೇನಿಗೆ ಹತ್ತಿರ!

ಇಷ್ಟು ಬೇಗ ಇವು ನಮ್ಮವಾದದ್ದು ಹೇಗೆ? ಕಾರಣ ಸರಳ. ಕರಿಮೆಣಸು ಮಳೆನಾಡಿನ ಬಳ್ಳಿ. ಬಯಲಿನ ಒಕ್ಕಲಿಗ ಅದನ್ನು ಹಣ ಕೊಟ್ಟು ಕೊಳ್ಳಬೇಕಿತ್ತು. ಮೆಣಸಿನ ಗಿಡ ಹಿತ್ತಿಲಲ್ಲಿ ಬೆಳೆಯುತ್ತದೆ, ಕಾಯಿ ಒಣಗಿಸಿಟ್ಟರೆ ವರ್ಷ ಬಾಳುತ್ತದೆ, ಒಂದು ಕಾಯಿಯ ಬೀಜ ಹಲವು ಗಿಡಕ್ಕೆ ಸಾಕು. ರೊಟ್ಟಿಯ ಜೊತೆ ನಂಜಿಕೊಳ್ಳಲು ಬೇರೇನೂ ಇಲ್ಲದ ಬಡವನಿಗೆ ಅದು ಖರ್ಚಿಲ್ಲದ ರುಚಿಯಾಯಿತು. ಶೇಂಗಾ ಮಳೆ ಕಡಿಮೆಯಾದರೂ ಬದುಕಿಕೊಳ್ಳುವ ಬೆಳೆ. ಎಣ್ಣೆ ಕೊಡುತ್ತದೆ, ಹೊಟ್ಟು ದನಕ್ಕೆ ಮೇವು, ಬೇರು ಮಣ್ಣಿಗೆ ಸಾರಜನಕ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ವಿಜ್ಞಾನಿ ಕೆ.ಟಿ. ಅಚ್ಚಯ್ಯ ಭಾರತದ ಊಟದ ಚರಿತ್ರೆಯನ್ನು ಬರೆದು, ಹೊಸ ಜಗತ್ತಿನ ಈ ಬೆಳೆಗಳು ನಮ್ಮ ಅಡುಗೆಮನೆಯನ್ನು ಹೇಗೆ ಬದಲಿಸಿದವು ಎಂಬುದನ್ನು ವಿವರವಾಗಿ ತೋರಿಸಿದ್ದಾರೆ. ಅಷ್ಟೇಕೆ, ‘ಅಪ್ಪಟ ದೇಸಿ’ ಎನ್ನುವ ಜೋಳ, ಸಜ್ಜೆಗಳ ಮೂಲವೂ ಆಫ್ರಿಕ. ಅವು ಸಾವಿರಾರು ವರ್ಷ ಮೊದಲು ಬಂದವು, ಇವು ನಾಲ್ಕೈದು ನೂರು ವರ್ಷಗಳ ಹಿಂದೆ ಬಂದವು, ವ್ಯತ್ಯಾಸ ಅಷ್ಟೇ.

ಅಮೆರಿಕದವರು ಇದೇ ಪದಾರ್ಥಗಳಿಂದ ತಮ್ಮ ತಿಂಡಿಗಳನ್ನು ಕಟ್ಟಿಕೊಂಡರು. ಬಟಾಟೆಯ ಚಿಪ್ಸ್ 1853ರಲ್ಲಿ ಸಾರಟೋಗಾದ ಹೋಟೆಲೊಂದರಲ್ಲಿ ಹುಟ್ಟಿತೆಂಬ ಕಥೆ ಜನಪ್ರಿಯ. ಆದರೆ 1817ರ ಇಂಗ್ಲಿಷ್ ಪಾಕಪುಸ್ತಕದಲ್ಲೇ ಅಂಥ ಕರಿದ ಹೋಳುಗಳ ವಿಧಾನವಿದೆ. ಗೋವಿನಜೋಳದ ಅರಳು ಮತ್ತು ಶೇಂಗಾಕ್ಕೆ ಕಾಕಂಬಿಯ ಪಾಕ ಹಾಕಿದ ‘ಕ್ರ್ಯಾಕರ್ ಜ್ಯಾಕ್’ ಎಂಬ ಹೆಸರು 1896ರಲ್ಲಿ ನೋಂದಣಿಯಾಯಿತು. ಶೇಂಗಾ ಅರೆದು ಮಾಡಿದ ಬೆಣ್ಣೆಯಂಥ ಪದಾರ್ಥವನ್ನು ಬ್ರೆಡ್ಡಿಗೆ ಹಚ್ಚಿ ತಿನ್ನುವುದಂತೂ ಅಲ್ಲಿನ ಮಕ್ಕಳ ನಿತ್ಯದ ಪಾಠ.

ಅಮೆರಿಕದವರು ಸ್ಪೇನಿನ ಗೆಳೆಯರಿಗೆ ಇವನ್ನು ಕೊಟ್ಟರೆ ಚಿಪ್ಸ್ ಸಲೀಸಾಗಿ ಹೋಗುತ್ತದೆ. ಅಲ್ಲಿ ಅದು ಮೊದಲೇ ಇದೆ. ಅರಳೂ ಹೋಗುತ್ತದೆ, ಅದಕ್ಕೆ ಅವರು ‘ಪಾಲೊಮೀತಾಸ್’, ಅಂದರೆ ಪುಟ್ಟ ಪಾರಿವಾಳಗಳು ಎಂದು ಹೆಸರಿಟ್ಟಿದ್ದಾರೆ. ಶೇಂಗಾದ ಬೆಣ್ಣೆಗೆ ಮಾತ್ರ ಮುಖ ಹಿಂಡುವವರಿರುತ್ತಾರೆ. ಹುರಿದ ಕಾಳನ್ನು ಉಪ್ಪಿನೊಡನೆ ತಿಂದು ಗೊತ್ತಿರುವವರಿಗೆ ಅದನ್ನು ಬ್ರೆಡ್ಡಿಗೆ ಹಚ್ಚುವುದು ಹೊಸದು. ಮಂಗಸೂಳಿಯ ಗೃಹಿಣಿಗೆ ಇದರಲ್ಲಿ ಸೋಜಿಗವೇನಿಲ್ಲ. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಡುವುದು, ಪಂಚಮಿಗೆ ಶೇಂಗಾ ಉಂಡಿ ಕಟ್ಟುವುದು, ಜೋಳದ ಅರಳು ಹುರಿಯುವುದು ಅವಳಿಗೆ ಬೆರಳ ತುದಿಯ ವಿದ್ಯೆ. ಸ್ಪೇನಿನವರಿಗೆ ಪಾರಿವಾಳವಾಗಿ ಕಂಡದ್ದು ಕನ್ನಡಿಗರಿಗೆ ಹೂವಾಗಿ ಅರಳಿದೆ.

ಆದ್ದರಿಂದ ಅತಿಥಿಗೆ ತಿಂಡಿ ಪರಿಚಯಿಸುವ ಜಾಣತನವೆಂದರೆ ಅವನಿಗೆ ಗೊತ್ತಿರುವುದರಿಂದ ಶುರುಮಾಡುವುದು. ಸ್ಪೇನಿನ ಗಲೀಸಿಯಾ ಪ್ರಾಂತದ ಪಾದ್ರೊನ್ ಎಂಬಲ್ಲಿನ ಪುಟ್ಟ ಹಸಿಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಬಾಡಿಸಿ ಉಪ್ಪು ಉದುರಿಸಿ ತಿನ್ನುತ್ತಾರೆ. ಬಹುತೇಕ ಸಪ್ಪೆ, ನಡುವೆ ಒಂದೆರಡು ಖಾರ. ಯಾವುದು ಯಾವುದೆಂದು ಕಚ್ಚಿದ ಮೇಲೆಯೇ ತಿಳಿಯುವುದು. ‘ಅದರ ಅಣ್ಣನಿಗೆ ಇಲ್ಲಿ ಕಡಲೆಹಿಟ್ಟಿನ ಅಂಗಿ ತೊಡಿಸಿದ್ದೇವೆ’ ಎಂದು ಮಿರ್ಚಿ ಭಜಿ ಕೊಟ್ಟರೆ ಅವನು ನಕ್ಕು ಕೈಚಾಚಿಯಾನು. ಅಲ್ಲಿನ ‘ಚುರ್ರೊ’ ನಕ್ಷತ್ರದಾಕಾರದ ಅಚ್ಚಿನಿಂದ ಒತ್ತಿ ಕರಿಯುವ ತಿಂಡಿ. ಚಕ್ಕುಲಿಯ ಒರಳು ಕಂಡರೆ ಗುರುತು ಹಿಡಿದಾನು. ಪಕ್ಕದಲ್ಲಿ ಒಂದು ಬಟ್ಟಲು ಮೊಸರು ಇಟ್ಟರೆ ಉಪಕಾರ. ಅಲ್ಲಿನ ಅಡುಗೆಯಲ್ಲಿ ಕೆಂಪು ಇರುವಷ್ಟು ಖಾರವಿಲ್ಲ.

ಇಲ್ಲಿ ಒಂದು ಮಾತು ಯೋಚಿಸಬೇಕಾದದ್ದು. ಹೊರಗಿನದು ಬಂದರೆ ನಮ್ಮದು ಕೆಡುತ್ತದೆ ಎಂಬ ಅಂಜಿಕೆ ಹಳೆಯದು. ಚುರಮುರಿಯ ತಾಟು ಅದನ್ನು ಒಪ್ಪುವುದಿಲ್ಲ. ಆದರೆ ಬರುವ ರೀತಿಯಲ್ಲಿ ಭೇದವಿದೆ. ಮೆಣಸಿನಕಾಯಿ, ಶೇಂಗಾ ಬೀಜವಾಗಿ ಬಂದವು. ಒಕ್ಕಲಿಗನ ಹೊಲ, ಹೆಂಗಸರ ಕೈ, ಭಟ್ಟಿಯವನ ಕಾದ ಮರಳು ಅವುಗಳನ್ನು ಪಳಗಿಸಿದವು. 1995ರಲ್ಲಿ ಲೇಸ್ ಚಿಪ್ಸ್, 1999ರಲ್ಲಿ ಕುರ್ಕುರೆ ಭಾರತದ ಮಾರುಕಟ್ಟೆಗೆ ಬಂದದ್ದು ಪೊಟ್ಟಣವಾಗಿ. ಅವುಗಳ ಮಸಾಲೆ ಇಲ್ಲಿನ ನಾಲಗೆಗೆ ಒಗ್ಗುವಂತೆಯೇ ಇರಬಹುದು. ಆದರೆ ಅದರ ಹದ ನಿಶ್ಚಯಿಸುವ ಕೈ ಊರಿನದಲ್ಲ. ಬೀಜ ಬಂದರೆ ಊರಿಗೊಂದು ರುಚಿ ಹುಟ್ಟುತ್ತದೆ, ಪೊಟ್ಟಣ ಬಂದರೆ ಊರೂರಿಗೂ ಒಂದೇ ರುಚಿ. ಸಾಂಗಲಿಯ ಭಡಂಗಕ್ಕೂ ಧಾರವಾಡದ ಗಿರಮಿಟ್ಟಿಗೂ ಇರುವ ಅಂತರ ಉಳಿಯಬೇಕಾದರೆ ಭಟ್ಟಿಯೂ ಉರಿಯುತ್ತಿರಬೇಕು, ಮನೆಯ ಒಗ್ಗರಣೆಯೂ ಸಿಡಿಯುತ್ತಿರಬೇಕು.

ಬಂದದ್ದನ್ನು ಬಡ್ಡಿ ಸಮೇತ ತಿರುಗಿ ಕೊಡುವ ಶಕ್ತಿಯೂ ಈ ನೆಲಕ್ಕಿದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಅದರಿಂದ ತೆಗೆದ ಬಣ್ಣದ ಸತ್ವ ಪರದೇಶಗಳಿಗೂ ಹೋಗುತ್ತದೆ. ಕಡಲಾಚೆಯಿಂದ ಹೆಸರಿಲ್ಲದೆ ಬಂದ ಕಾಯಿ ಹಾವೇರಿ ಜಿಲ್ಲೆಯ ಒಂದು ಊರಿನ ಹೆಸರು ಹೊತ್ತು ಕಡಲು ದಾಟುತ್ತಿದೆ. ಸ್ಪೇನಿನ ಗೆಳೆಯ ‘ಇದು ಯಾರ ತಿಂಡಿ?’ ಎಂದು ಕೇಳಿದರೆ ಈ ಕಥೆಯನ್ನೇ ಹೇಳಿ, ಇನ್ನೊಂದು ಮುಷ್ಟಿ ಚುರಮುರಿ ಬಡಿಸಿದರಾಯಿತು.